ಹಾಲು ಕಲಿಲವೋ ಎಮಲ್ಷನ್ನೋ?

ರಸವಿದ್ಯಾರ್ಥಿ: ಒಂದು ಪುಸ್ತಕ ಹಾಲನ್ನು ಕಲಿಲ ಅನ್ನುತ್ತೆ, ಇನ್ನೊಂದು ಎಮಲ್ಷನ್ ಅನ್ನುತ್ತೆ. ಯಾವುದು ಸರಿ? ನೀರಿಗೆ ಎಣ್ಣೆ ಹಾಕಿ ಕುಲುಕಿದರೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೇ ಬೇರೆಯಾಗುತ್ತೆ. ಅದೂ ಎಮಲ್ಷನ್ನೇ?

ಕಣಲೋಕ: ಎರಡೂ ಸರಿ, ಏಕೆಂದರೆ ಎಮಲ್ಷನ್ ಕಲಿಲದ್ದೇ ಒಂದು ಬಗೆ. ಸುಮಾರು 1ರಿಂದ 1000 ನ್ಯಾನೋಮೀಟರ್ ಗಾತ್ರದ ಕಣಗಳು ಇನ್ನೊಂದು ವಸ್ತುವಿನಲ್ಲಿ ಹರಡಿಕೊಂಡಿದ್ದರೆ ಅದು ಕಲಿಲ. ಹೊಗೆಯಲ್ಲಿ ಗಾಳಿಯೊಳಗೆ ಘನ, ಮಂಜಿನಲ್ಲಿ ಗಾಳಿಯೊಳಗೆ ದ್ರವ, ನೊರೆಯಲ್ಲಿ ದ್ರವದೊಳಗೆ ಅನಿಲ. ಒಂದರೊಳಗೊಂದು ಕರಗದ ಎರಡು ದ್ರವಗಳಿದ್ದರೆ ಮಾತ್ರ ಎಮಲ್ಷನ್.

ಹಾಲಿನಲ್ಲಿ ಎರಡು ವ್ಯವಸ್ಥೆಗಳಿವೆ. ಕೊಬ್ಬಿನ ಹನಿಗಳದ್ದು ಎಮಲ್ಷನ್. ಕೇಸೀನ್ ಪ್ರೋಟೀನಿನ ಗುಂಪುಗಳದ್ದು ಬೇರೆಯೇ ಕಲಿಲ. ಕೊಬ್ಬು ತೆಗೆದ ಮೇಲೂ ಹಾಲು ಬೆಳ್ಳಗಿರುವುದು ಈ ಕೇಸೀನ್ ಬೆಳಕನ್ನು ಚದುರಿಸುವುದರಿಂದ.

ಪ್ರಯೋಗಶಾಲೆ: ಒಂದು ಮಾತು ಸೇರಿಸಬೇಕು. ಎಮಲ್ಷನ್ ವಿಷಯದಲ್ಲಿ 1000 ನ್ಯಾನೋಮೀಟರ್ ಗಡಿಯನ್ನು ಯಾರೂ ಬಿಗಿಯಾಗಿ ಪಾಲಿಸುವುದಿಲ್ಲ. ಹಾಲಿನ ಕೊಬ್ಬಿನ ಹನಿಗಳೇ 10 ಮೈಕ್ರೋಮೀಟರ್‌ವರೆಗೆ, ಅಂದರೆ 10,000 ನ್ಯಾನೋಮೀಟರ್‌ವರೆಗೆ ಇರುತ್ತವೆ. ಹನಿಯ ವ್ಯಾಸ ಅರ್ಧವಾದರೆ ಮೇಲೇರುವ ವೇಗ ಕಾಲು ಭಾಗಕ್ಕಿಳಿಯುತ್ತದೆ. ಹೋಮೋಜಿನೈಸ್ ಮಾಡಿದ, ಅಂದರೆ ಕೊಬ್ಬಿನ ಹನಿಗಳನ್ನು ಒಡೆದು ಚಿಕ್ಕದಾಗಿಸಿದ ಹಾಲಿನಲ್ಲಿ ಕೆನೆ ಸುಲಭವಾಗಿ ಕಟ್ಟದಿರಲು ಇದೇ ಮುಖ್ಯ ಕಾರಣ.

ನಿಮ್ಮ ಎಣ್ಣೆ-ನೀರೂ ಎಮಲ್ಷನ್ನೇ, ಆದರೆ ಹನಿಗಳು ಒಂದಾಗದಂತೆ ತಡೆಯುವ ಎಮಲ್ಸಿಫೈಯರ್ ಇಲ್ಲ. 100 ಮಿಲಿ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಜೋರಾಗಿ ಕಡೆಯುತ್ತಲೇ 10 ಮಿಲಿ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಒಮ್ಮೆಗೇ ಸುರಿದರೆ ದೊಡ್ಡ ಹನಿಗಳು ಉಳಿದು ಬೇಗ ಮೇಲೇರುತ್ತವೆ. ಸಾದಾ ಸೋಪು ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕರಗದ ಕಲ್ಮಷವಾಗಿಸುತ್ತದೆ.

ಆಮೇಲೆ ಮೇಲೆ ಬೆಳ್ಳನೆ ಪದರ ಬಂದರೆ ಗಾಬರಿ ಬೇಡ, ಮೆಲ್ಲಗೆ ತಿರುವಿದರೆ ಮತ್ತೆ ಬೆರೆಯುತ್ತದೆ. ಪಾರದರ್ಶಕ ಎಣ್ಣೆಯೇ ತೇಲಿದರೆ ಎಮಲ್ಷನ್ ಒಡೆದಿದೆ ಎಂದರ್ಥ.

ರಸವಿದ್ಯಾರ್ಥಿ: ನೀರಿನಲ್ಲಿ ಎಣ್ಣೆಯೋ, ಎಣ್ಣೆಯಲ್ಲಿ ನೀರೋ ಅಂತ ತಿಳಿಯೋದು ಹೇಗೆ? ಟಾರ್ಚ್ ಬಿಟ್ಟು ನೋಡಿದರೆ ಸಾಕಾ?

ಕಣಲೋಕ: ಸಾಲದು. ಬೆಳಕಿನ ಹಾದಿ ಕಾಣುವುದು ಟಿಂಡಲ್ ಪರಿಣಾಮ. ಚದುರಿಸುವ ಕಣಗಳಿವೆ ಎಂದಷ್ಟೇ ಅದು ಹೇಳುತ್ತದೆ. ಒಂದು ಹನಿ ಎಮಲ್ಷನ್ ಅನ್ನು ಲೋಟದ ನೀರಿಗೆ ಬಿಡಿ. ಹಾಲಿನಂತೆ ಹರಡಿದರೆ ಹೊರಗಿನ ದ್ರವ ನೀರು. ಉಂಡೆಯಾಗಿ ಉಳಿದರೆ ಎಣ್ಣೆ. ದಪ್ಪಗಿದ್ದರೆ ಹರಡಲು ಹೊತ್ತು ಹಿಡಿಯುತ್ತದೆ, ಕಡ್ಡಿಯಿಂದ ನಿಧಾನಕ್ಕೆ ತಿರುವಿ. ಕುಲುಕಬೇಡಿ, ಕುಲುಕಿದರೆ ಲೋಟದಲ್ಲೇ ಹೊಸ ಎಮಲ್ಷನ್ ಹುಟ್ಟಿ ಪರೀಕ್ಷೆ ಕೆಡುತ್ತದೆ.