‘ಟ್ಯಾಂಗಲ್’ ಗೊಂದಲವೇ, ಸಿಕ್ಕೇ?

ಇಂಗ್ಲಿಷಿನ ‘ಟ್ಯಾಂಗಲ್’ ಪದಕ್ಕೆ ಅನುವಾದಗಳಲ್ಲಿ ‘ಗೊಂದಲ’ ಎಂದು ಬರೆದುಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಗೊಂದಲವೆಂಬುದು ಮನಸ್ಸಿನಲ್ಲಿ ಇಲ್ಲವೇ ಜನರ ಗುಂಪಿನಲ್ಲಿ ಉಂಟಾಗುವಂಥದ್ದು. ನೂಲಿಗೆ ಗೊಂದಲವಾಗುವುದಿಲ್ಲ, ಸಿಕ್ಕಾಗುತ್ತದೆ. ಒಂದೆಳೆಯನ್ನು ಸಡಿಲಿಸಹೋದರೆ ಮತ್ತೆಲ್ಲೋ ಇನ್ನೊಂದು ಬಿಗಿಯುವುದೇ ಟ್ಯಾಂಗಲ್‌ನ ಜೀವಾಳ. ಉದ್ದಗೂದಲನ್ನು ಬುಡದಿಂದಲೇ ಬಾಚಹೊರಟವರು ಸಿಕ್ಕನ್ನೆಲ್ಲ ತುದಿಗೆ ತಳ್ಳಿ ಗಂಟು ಮಾಡಿಕೊಳ್ಳುವುದನ್ನು ನೆನೆದರೆ ಸಾಕು.

ಮೊದಲು ದಾರದ ಸಿಕ್ಕು, ಆಮೇಲೆ ಬದುಕಿನ ಸಿಕ್ಕು ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಲಿಖಿತ ದಾಖಲೆ ಮಾತ್ರ ಇದಕ್ಕೆ ತಿರುಗುಮುರುಗಾಗಿದೆ. 14ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕಿದ್ದುದು ಒಬ್ಬರನ್ನು ಪೇಚಿಗೆ ಸಿಲುಕಿಸು ಎಂಬ ಅರ್ಥ. ನಡುವಣ ಅನುನಾಸಿಕವಿಲ್ಲದ ರೂಪವೂ ಆಗ ಬಳಕೆಯಲ್ಲಿತ್ತು. ಎಳೆಗಳು ಹೆಣೆದುಕೊಳ್ಳುವ ಅರ್ಥ ಬರಹದಲ್ಲಿ ಕಾಣಿಸುವುದು ಅನಂತರ, ನಾಮಪದವಂತೂ 17ನೆಯ ಶತಮಾನದ ಆರಂಭದಲ್ಲಿ. ಮೂಲ ಸ್ಕ್ಯಾಂಡಿನೇವಿಯದ್ದಿರಬೇಕೆಂಬುದು ನಿಘಂಟುಕಾರರ ಮತ. ಇಂಗ್ಲಿಷಿನಲ್ಲಿ ಒಂದು ಬಗೆಯ ಕಡಲಕಳೆಗೂ ಟ್ಯಾಂಗಲ್ ಎಂಬ ಹೆಸರುಂಟು. ದೋಣಿಯ ಹುಟ್ಟಿಗೂ ಬಲೆಗೂ ಸುತ್ತಿಕೊಳ್ಳುವ ಈ ಕಳೆಯಿಂದಲೇ ಪದ ಬಂದಿತೆಂದು ಕೆಲವರು ಹೇಳುತ್ತಾರೆ. ಚಿತ್ರ ಸೊಗಸಾಗಿದೆ, ಆದರೆ ಸೊಗಸು ಪುರಾವೆಯಲ್ಲ. (‘ರೆಕ್ಟ್ಯಾಂಗಲ್’ಗೂ ಇದಕ್ಕೂ ನಂಟಿಲ್ಲ, ಅಲ್ಲಿರುವುದು ಕೋನವನ್ನು ಹೇಳುವ ಲ್ಯಾಟಿನ್ ಪದ.)

ಕನ್ನಡದ ‘ಸಿಕ್ಕು’ ಇನ್ನೂ ಸ್ವಾರಸ್ಯದ್ದು. ಇದರ ಹಳೆಯ ರೂಪ ‘ಸಿಲ್ಕು’. ‘ಸಿಲುಕು’ ಅದರ ಒಡಹುಟ್ಟು, ತೆಲುಗಿನ ‘ಚಿಕ್ಕು’ ಹತ್ತಿರದ ಬಳಗ. ಕಳೆದುಹೋದ ಬೀಗದಕೈ ಸಿಕ್ಕುವುದೂ ಮೀನು ಬಲೆಗೆ ಸಿಕ್ಕುವುದೂ ಕೂದಲು ಸಿಕ್ಕಾಗುವುದೂ ಒಂದೇ ಪದದಲ್ಲಿ ನಡೆಯುತ್ತವೆ. ಹಿಡಿತಕ್ಕೆ ಬರುವುದೆಂಬ ಭಾವ ಮೂರರಲ್ಲೂ ಇದೆ. ಟ್ಯಾಂಗಲ್‌ಗೆ ಈ ಹರವಿಲ್ಲ. ವ್ಯವಹಾರದ ಸಂದರ್ಭಕ್ಕಾದರೆ ತೊಡಕು ಅಥವಾ ಕಗ್ಗಂಟು, ಅಸ್ಪಷ್ಟ ಬರವಣಿಗೆಗೆ ಗೋಜಲು ಹೊಂದುತ್ತವೆ.

ನನ್ನ ಪ್ರಶ್ನೆ ಭೌತವಿಜ್ಞಾನದ ‘ಎಂಟ್ಯಾಂಗಲ್‌ಮೆಂಟ್’ ಕುರಿತದ್ದು. ಎರಡು ಕಣಗಳ ಸ್ಥಿತಿಗಳನ್ನು ಬಿಡಿಬಿಡಿಯಾಗಿ ವಿವರಿಸಲಾಗದಂತೆ ಅವು ಒಂದಕ್ಕೊಂದು ಬೆಸೆದುಕೊಂಡಿರುವುದಕ್ಕೆ ಈ ಹೆಸರು. 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಈ ಪರಿಭಾಷೆಯನ್ನು ಬಳಕೆಗೆ ತಂದಾಗ ಜರ್ಮನ್ನಿನಲ್ಲಿ ಆಯ್ದುಕೊಂಡದ್ದು ‘ಫರ್‌ಶ್ರೆಂಕುಂಗ್’ ಎಂಬ ಪದವನ್ನು. ಕೈಕಟ್ಟಿಕೊಳ್ಳುವುದಕ್ಕೂ ಜರ್ಮನ್ನರು ಅದೇ ಧಾತುವನ್ನು ಬಳಸುತ್ತಾರೆ. ಅದರಲ್ಲಿ ಒಪ್ಪವಿದೆ, ಅಸ್ತವ್ಯಸ್ತತೆಯಿಲ್ಲ. ಹಾಗಿರುವಾಗ ಕನ್ನಡದಲ್ಲಿ ‘ಸಿಕ್ಕು’ ಎನ್ನುವುದಕ್ಕಿಂತ ‘ಹೆಣಿಗೆ’ ಎನ್ನುವುದು ಸರಿಯಾದೀತೇ?