ಪದ ಬೇಕು: ಅಣಕು ಹಾರಾಟದಲ್ಲಿ ವಿಮಾನ ‘ತೊದಲಿದರೆ’ ಏನೆನ್ನಬೇಕು?

ಕಡಿಯಾಳಿ, ಉಡುಪಿ (ಬುಧವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಅವಸರದ ಪತ್ರ. ನಾಳೆ ಸಂಜೆ ಐದರೊಳಗೆ ಬ್ಯಾನರ್ ಅಂಗಡಿಗೆ ಬರಹ ಕೊಡಬೇಕು.

ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ಮನೆಯ ಕಂಪ್ಯೂಟರನ್ನೇ ಇಟ್ಟು ವಿಮಾನ ಹಾರಿಸುವ ಮಳಿಗೆ ಮಾಡುತ್ತಿದ್ದೇವೆ. ತಂತ್ರಾಂಶ ಫ್ಲೈಟ್‌ಗಿಯರ್, ಉಚಿತವಾಗಿ ಸಿಗುವಂಥದ್ದು. ಮಕ್ಕಳು ಪಣಂಬೂರಿನ ಕಡಲ ಮೇಲಿನಿಂದ ಬಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಸಬೇಕು. ಸಿಮ್ಯುಲೇಟರ್‌ಗೆ ‘ಅಣಕು ಹಾರಾಟ’ ಎಂದು ಬರೆದಿದ್ದೇನೆ, ಪತ್ರಿಕೆಗಳ ‘ಅಣಕು ಕಾರ್ಯಾಚರಣೆ’ ಕೊಟ್ಟ ಧೈರ್ಯದಿಂದ. ಅದರ ಬಗ್ಗೆ ಈಗ ಚರ್ಚೆ ಬೇಡ, ದಯವಿಟ್ಟು.

ತೊಡಕು ಬೇರೆ. ಕಂಪ್ಯೂಟರ್ ಹಳೆಯದು. ಇನ್ನೇನು ರನ್‌ವೇ ಕಾಣಬೇಕು ಎನ್ನುವಾಗ ಪರದೆ ರೆಪ್ಪೆ ಬಡಿಯುವಷ್ಟು ಹೊತ್ತು ನಿಂತುಬಿಡುತ್ತದೆ. ಮತ್ತೆ ಹೊರಡುವಾಗ ಗುಡ್ಡ ಒಮ್ಮೆಗೇ ಮೂಗಿನ ಮುಂದೆ ಬಂದಿರುತ್ತದೆ. ಹುಡುಗ ಗಾಬರಿಯಾಗಿ ಜಾಯ್‌ಸ್ಟಿಕ್ ಎಳೆಯುತ್ತಾನೆ, ವಿಮಾನ ಮುಗಿಲು ನೋಡುತ್ತದೆ. ಅದಕ್ಕಾಗಿ ಬ್ಯಾನರಿನಲ್ಲಿ ಹೀಗೆ ಬರೆಯಬೇಕಾಗಿದೆ:

‘ವಿಮಾನ ____ದರೆ ಜಾಯ್‌ಸ್ಟಿಕ್ ಎಳೆಯಬೇಡಿ. ಮೊದಲು ಮೋಡ, ಆಮೇಲೆ ದೂರದ ಮರಗಳನ್ನು ಕಡಿಮೆ ಮಾಡಿ. ಸೆಕೆಂಡಿಗೆ 30 ____ ಬಂದರೆ ಸಾಕು, ಹಾರಾಟ ____ ಇರುತ್ತದೆ.’

ಮೂರು ಖಾಲಿ ಜಾಗ. ಓದುವವರು ಎಂಟು, ಒಂಬತ್ತನೆಯ ತರಗತಿಯ ಮಕ್ಕಳು.

ಕದ್ರಿ, ಮಂಗಳೂರು

ಮೂರನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ನೀವು ಅಲ್ಲಿ ‘ಸಲೀಸಾಗಿ’ ಎಂದು ಬರೆಯುವವರಿದ್ದೀರಿ. ಬೇಡ. ಅದು ಅರಬ್ಬಿಯ ‘ಸಲೀಸ್’. ‘ಸರಾಗ’ವೂ ಬೇಡ. ಸಂಸ್ಕೃತದಲ್ಲಿ ಸರಾಗ ಎಂದರೆ ಬಣ್ಣವುಳ್ಳದ್ದು, ಅನುರಾಗವುಳ್ಳದ್ದು. ಅದು ಕನ್ನಡಕ್ಕೆ ಬಂದು ಯಾವಾಗ ಸುಗಮವಾಯಿತೋ, ಬಳಸುವವರೇ ಹೇಳಲಿ.

ನಮ್ಮದೇ ಪದವಿದೆ: ‘ನಯ’. ನಯ ಎರಡಿವೆ ಎಂಬುದನ್ನು ಮರೆಯಬೇಡಿ. ನಯನೀತಿಯ ನಯ ಸಂಸ್ಕೃತದ್ದು. ನಯವಾದ ಬಟ್ಟೆಯ ನಯ ದ್ರಾವಿಡದ್ದು, ತಮಿಳಿನಲ್ಲಿಯೂ ಅದರ ಒಡಹುಟ್ಟು ಇದೆ. ಕಿಟ್ಟೆಲರ ಕೋಶ 1894ರಲ್ಲಿ ಅಚ್ಚಾದದ್ದು ಇದೇ ಊರಿನ ಬಾಸೆಲ್ ಮಿಶನ್ನಿನಲ್ಲಿ. ಅಂಥ ಊರಿನಲ್ಲಿ ಕುಳಿತು ಅರಬ್ಬಿಯಿಂದ ಕಡ ತರುವುದು ನಾಚಿಕೆಗೇಡು.

ತೊದಲು ನಾಲಗೆಗೆ ಸೇರಿದ್ದು, ವಿಮಾನಕ್ಕೆ ನಾಲಗೆಯಿಲ್ಲ. ‘ಉಗ್ಗು’ ನೋಡಬಹುದು. ಫ್ರೇಮಿಗೆ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಪ್ರತಿಯೊಂದು ಚಿತ್ರಕ್ಕೆ, ‘ಪಟ’.

ಮಣಿಪಾಲ

ಮಾಸ್ತರರೇ, ‘ಹಾರಾಟ ನಯವಾಗಿತ್ತು’ ಎಂದರೆ ವಿಮಾನಕ್ಕೆ ಎಣ್ಣೆ ಸವರಿದಂತೆ ಕೇಳಿಸುತ್ತದೆ. ನಯ ಮೈಯ ಗುಣ, ಓಟದ್ದಲ್ಲ. ಉಗ್ಗು ಎಂದರೆ ಎಷ್ಟೋ ಕಡೆ ನೀರು ಎರಚುವುದು. ‘ಸೆಕೆಂಡಿಗೆ 30 ಪಟ’ ಎಂದು ಬರೆದರೆ ಮಕ್ಕಳು ಮೂವತ್ತು ಪಟ್ಟು ಎಂದೇ ಓದುತ್ತಾರೆ. ಫ್ರೇಮ್ ಎನ್ನಿ, ಮುಗಿಯಿತು.

ಕಡಿಯಾಳಿಯವರಿಗೆ: ಪದ ಹುಡುಕುವ ಮೊದಲು ಸಂಗತಿ ನೋಡೋಣ. ನಿಮ್ಮ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಎಂಬ ಅಂಕಿ ಕಾಣುತ್ತದಲ್ಲ, ಅದನ್ನು ನಂಬಬೇಡಿ. ಒಂದು ಸೆಕೆಂಡಿನಲ್ಲಿ 40 ಫ್ರೇಮ್‌ಗಳು ತಲಾ 20 ಮಿಲಿಸೆಕೆಂಡಿನಲ್ಲಿ ಬಂದವು ಎನ್ನಿ. ಅಲ್ಲಿಗೆ 800 ಆಯಿತು. ಉಳಿದ 200ನ್ನು ಒಂದೇ ಫ್ರೇಮ್ ನುಂಗಿತು. ಅಂಕಿ 41 ಎನ್ನುತ್ತದೆ, ಕಣ್ಣಿಗೆ ಕಂಡದ್ದು ಸೆಕೆಂಡಿನ ಐದನೆಯ ಒಂದು ಪಾಲು ಸತ್ತ ಪರದೆ.

ಇನ್ನೊಂದು. ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. 45 ಫ್ರೇಮ್ ಬಂದರೆ ಕೆಲವು ಒಂದು ಸರದಿ ನಿಲ್ಲುತ್ತವೆ, ಕೆಲವು ಎರಡು. ಅದೇ ಕಣ್ಣಿಗೆ ಚುಚ್ಚುವುದು. 30ಕ್ಕೆ ಕಟ್ಟಿಹಾಕಿದರೆ ಪ್ರತಿಯೊಂದಕ್ಕೂ ಸರಿಯಾಗಿ ಎರಡು ಸರದಿ, ಅಂದರೆ 33 ಮಿಲಿಸೆಕೆಂಡು. ಅಂಕಿ ಇಳಿಯಿತು, ಹಾರಾಟ ಸುಧಾರಿಸಿತು. ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ನೋಡಿ.

ಪ್ರೊಸೆಸರ್ ಆರಾಮವಾಗಿದೆ ಎಂದು ಕಂಡರೂ ಮೋಸ ಹೋಗಬೇಡಿ. ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನ ಹೊರೆ ಪ್ರೊಸೆಸರಿನ ಒಂದೇ ಕೋರಿನ, ಅಂದರೆ ಲೆಕ್ಕ ಮಾಡುವ ಒಂದೇ ಘಟಕದ, ಮೇಲೆ ಬೀಳುತ್ತದೆ. ಎಂಟು ಕೋರ್‌ಗಳಲ್ಲಿ ಒಂದು ಬೆವರಿಳಿಸಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಶೇಕಡಾ 13ರ ಹತ್ತಿರ ತೋರಿಸುತ್ತದೆ. ಮೋಡ ಇಳಿಸಿದರೆ ಹಗುರವಾಗುವುದು ಗ್ರಾಫಿಕ್ಸ್ ಕಾರ್ಡ್. ಸುತ್ತಮುತ್ತ ಹಾರುವ ಬೇರೆ ವಿಮಾನಗಳನ್ನು ತೆಗೆದರೆ ಪ್ರೊಸೆಸರ್. ಆದರೆ ನಿಮ್ಮದು ಇಳಿಯುವಾಗ ಮಾತ್ರ ನಿಲ್ಲುತ್ತಿದೆ ಎಂದರೆ ಆ ಜಾಗದ ಭೂದೃಶ್ಯ ಆಗಷ್ಟೇ ಒಳಗೆ ಬರುತ್ತಿದೆ ಎಂದು ಅನುಮಾನ. ಫ್ಲೈಟ್‌ಗಿಯರ್ ಹಾರುತ್ತಲೇ ಇಂಟರ್ನೆಟ್ಟಿನಿಂದ ನೆಲವನ್ನು ಇಳಿಸಿಕೊಳ್ಳಬಲ್ಲದು. ಹಿಂದಿನ ದಿನವೇ ಅದೇ ದಾರಿಯಲ್ಲಿ ಒಮ್ಮೆ ಹಾರಿಬಿಡಿ, ಎಲ್ಲ ಡಿಸ್ಕಿನಲ್ಲಿ ಬಂದು ಕೂರಲಿ. ಶಾಲೆಯ ವೈಫೈ ನಂಬಿ ಕೂರಬೇಡಿ.

ಬ್ರಹ್ಮಾವರ

ಕಂಪ್ಯೂಟರ್ ನನಗೆ ತಿಳಿಯದು, ಯಕ್ಷಗಾನದ ಮದ್ದಲೆ ತಿಳಿಯುತ್ತದೆ. ಮಣಿಪಾಲದವರು ಹೇಳಿದ್ದು ನಮ್ಮ ತಾಳದ ವಿಷಯವೇ. ಭಾಗವತರು ಎಷ್ಟೇ ನಿಧಾನ ಕಾಲದಲ್ಲಿ ಪದ ಹೇಳಿದರೂ ಕುಣಿತ ಕೆಡುವುದಿಲ್ಲ. ಒಂದು ಪೆಟ್ಟು ತಡವಾಗಿ ಬಿದ್ದರೆ ವೇಷದ ಕಾಲು ಗಾಳಿಯಲ್ಲೇ ಉಳಿಯುತ್ತದೆ, ಹಿಂದಿನ ಸಾಲಿನ ಅಜ್ಜನಿಗೂ ಅದು ಗೊತ್ತಾಗುತ್ತದೆ. ಹಾಗಾಗಿ ‘ಲಯ ತಪ್ಪಿದರೆ’ ಎಂದು ಬರೆಯಿರಿ.

ಕದ್ರಿ, ಮಂಗಳೂರು

ವಿಮಾನದ ಪಕ್ಕದಲ್ಲಿ ‘ಲಯ’ ಎಂದು ಬರೆಯುವುದೇ? ಸೃಷ್ಟಿ, ಸ್ಥಿತಿ, ಲಯ. ಆಲೋಚಿಸಿ ಬರೆಯಿರಿ.

ಮಣಿಪಾಲದವರ ಪತ್ರದಲ್ಲಿ ಕನ್ನಡದ ಪದಗಳನ್ನು ಎಣಿಸಲು ಹೊರಟೆ, ಅರ್ಧಕ್ಕೆ ಕೈಬಿಟ್ಟೆ. ಹದಿಮೂರನೆಯ ಶತಮಾನದಲ್ಲಿ ಅಂಡಯ್ಯ ಸಂಸ್ಕೃತದ ತತ್ಸಮಗಳಿಲ್ಲದೆ ಇಡೀ ಕಾವ್ಯವನ್ನೇ ಬರೆದ. ನಿಮಗೆ ಒಂದು ಬ್ಯಾನರ್ ಆಗುವುದಿಲ್ಲ.

ಮಣಿಪಾಲ

ಅಂಡಯ್ಯ ಸಂಸ್ಕೃತವನ್ನು ಹೊರಗಟ್ಟಲಿಲ್ಲ ಮಾಸ್ತರರೇ, ತದ್ಭವ ಮಾಡಿ ಮನೆಯೊಳಗೆ ಕೂರಿಸಿದ. ನಾನು ಫ್ರೇಮಿಗೆ ಒಂದು ಉಕಾರ ಹಚ್ಚಿ ‘ಫ್ರೇಮು’ ಎಂದರೆ ನೀವು ಒಪ್ಪುತ್ತೀರಾ?

ನಮ್ಮ ಕರಾವಳಿಯವರು ಶುದ್ಧಿಯ ಮಾತಾಡುವುದು ನನಗಂತೂ ವಿಚಿತ್ರ. ಚಾವಿ ಪೋರ್ಚುಗೀಸರದು. ಕಿಟಕಿಗೆ ಹೇಳುವ ಜನೇಲು ಅವರದು. ಘಟ್ಟದ ಮೇಲಿನವರು ಆಲೂಗಡ್ಡೆ ಎನ್ನುವಾಗ ನಾವು ಬಟಾಟೆ ಎನ್ನುತ್ತೇವೆ, ಅದೂ ಅವರದೇ. ಉಡುಪಿಯ ಮಸಾಲೆ ದೋಸೆಯ ಹೊಟ್ಟೆಯಲ್ಲಿರುವುದು ಪೋರ್ಚುಗೀಸ್ ಪದ. ಅದನ್ನು ತೆಗೆದಿಟ್ಟು ದೋಸೆ ತಿನ್ನುವವರು ಯಾರಾದರೂ ಇದ್ದಾರೆಯೇ?

ಕದ್ರಿಯ ಪದಗಳು ಮಕ್ಕಳಿಗೆ ನೀರಿಳಿಯದ ಗಂಟಲಿನಲ್ಲಿ ಕಡುಬು ತುರುಕಿದಂತೆ.

ಕದ್ರಿ, ಮಂಗಳೂರು

ಬಟಾಟೆ ಗಿಡವಾಗಿ ಬಂತು, ಹೆಸರು ಜೊತೆಗೆ ಬಂತು. ಓಡುವುದು, ನಿಲ್ಲುವುದು, ಎಡವುವುದು ಗಿಡಗಳಲ್ಲ. ಅವು ನಮ್ಮಲ್ಲಿ ಮೊದಲೇ ಇದ್ದವು.

ಸುರತ್ಕಲ್

ಪತ್ರಿಕೆಗಳಲ್ಲಿ ‘ಕಾಮಗಾರಿ ಕುಂಟುತ್ತಾ ಸಾಗಿದೆ’ ಎಂದು ದಿನವೂ ಓದುತ್ತೇವೆ. ವಿಮಾನ ‘ಕುಂಟಿದರೆ’ ಎಂದು ಬರೆದರೆ ಆಗದೇ? ಅಥವಾ ‘ಮುಗ್ಗರಿಸಿದರೆ’?

ಪುತ್ತೂರು (ಗುರುವಾರ ಬೆಳಿಗ್ಗೆ)

ಮೂವತ್ತು ವರ್ಷ ಕರಡು ತಿದ್ದಿದವಳು ನಾನು. ಎಲ್ಲರೂ ಕ್ರಿಯಾಪದ ಹುಡುಕುತ್ತಿದ್ದೀರಿ, ತಪ್ಪಿರುವುದು ಕರ್ತೃಪದ.

‘ವಿಮಾನ ಮುಗ್ಗರಿಸಿದರೆ’, ‘ವಿಮಾನ ಕುಂಟಿದರೆ’ ಎಂದು ಬಜಪೆಯ ಚಿತ್ರದ ಪಕ್ಕದಲ್ಲಿ ಬರೆಯಬೇಡಿ. 2010ರ ಮೇ 22ರಂದು ಅದೇ ಗುಡ್ಡದ ತುದಿಯಲ್ಲಿ ವಿಮಾನ ದುರಂತದಲ್ಲಿ 158 ಮಂದಿ ತೀರಿಹೋದರು. ಆ ಶಾಲೆಗೆ ಬರುವ ತಂದೆತಾಯಿಗಳಲ್ಲಿ ಯಾರ ಮನೆಯವರು ಯಾರೆಂದು ನಿಮಗೆ ಗೊತ್ತೇ?

ಮಣಿಪಾಲದವರ ವಿವರಣೆಯನ್ನೇ ಇನ್ನೊಮ್ಮೆ ಓದಿ. ನಿಲ್ಲುವುದು ವಿಮಾನವಲ್ಲ, ಚಿತ್ರ. ವಿಮಾನ ಲೆಕ್ಕದಲ್ಲಿ ಹಾರುತ್ತಲೇ ಇರುತ್ತದೆ, ಅದಕ್ಕೇ ಗುಡ್ಡ ಒಮ್ಮೆಗೇ ಹತ್ತಿರ ಬಂದಂತೆ ಕಾಣುವುದು. ಚಿತ್ರವನ್ನು ಕರ್ತೃ ಮಾಡಿ. ‘ಚಿತ್ರ ತಡೆತಡೆದು ಬಂದರೆ’. ಇಂಗ್ಲಿಷಿಗೆ ಇಲ್ಲಿ ಒಂದು ನಾಮಪದ ಬೇಕು, ನಮಗೆ ದ್ವಿರುಕ್ತಿ ಸಾಕು. ತಡೆತಡೆದು ಎಂದು ಹೇಳುವಾಗ ನಾಲಗೆಯೇ ಒಮ್ಮೆ ತಡೆಯುತ್ತದೆ, ನೋಡಿ.

ಫ್ರೇಮಿಗೂ ಚಿತ್ರವೇ ಆಯಿತು. ಪಟವೂ ಬೇಡ, ಚೌಕಟ್ಟೂ ಬೇಡ. ಚೌಕಟ್ಟು ಬಾಗಿಲಿಗಿರಲಿ.

ಮೂರನೆಯದಕ್ಕೆ ಬ್ರಹ್ಮಾವರದವರು ಹತ್ತಿರ ಬಂದಿದ್ದರು. ಬೇಕಾದದ್ದು ವೇಗವಲ್ಲ, ನಯವೂ ಅಲ್ಲ. ಆಷಾಢದಲ್ಲಿ ಮಳೆ ಹೇಗೆ ಸುರಿಯುತ್ತದೆ? ಒಂದೇ ಸಮನೆ.

ಮಣಿಪಾಲ

ಅಕ್ಕ, ಒಪ್ಪಿದೆ. ಒಂದು ತಿದ್ದುಪಡಿ ಮಾತ್ರ: ವಿಮಾನ ಲೆಕ್ಕದಲ್ಲಿ ಹಾರುತ್ತಲೇ ಇರುತ್ತದೆ ಎಂಬುದು ಎಲ್ಲ ತಂತ್ರಾಂಶಗಳಿಗೂ ಹೊಂದುವುದಿಲ್ಲ. ಎಕ್ಸ್‌ಪ್ಲೇನ್ ಎಂಬ ಇನ್ನೊಂದು ಅಣಕು ಹಾರಾಟದ ತಂತ್ರಾಂಶದಲ್ಲಿ ಫ್ರೇಮ್‌ಗಳು ಸೆಕೆಂಡಿಗೆ 20ರ ಆಸುಪಾಸಿಗಿಂತ ಕೆಳಗಿಳಿದರೆ ಅದು ಹಾರಾಟದ ಕಾಲವನ್ನೇ ನಿಧಾನ ಮಾಡಿಬಿಡುತ್ತದೆ. ಲೆಕ್ಕ ತಪ್ಪದಿರಲೆಂದು.

ಬ್ರಹ್ಮಾವರ

ವೇಷಧಾರಿಯ ಏದುಸಿರು ಕಂಡು ಭಾಗವತರು ಕಾಲ ಇಳಿಸುವ ಹಾಗೆ. ಯಂತ್ರಕ್ಕೂ ಅಷ್ಟು ಮರ್ಯಾದೆ ಇದೆ ಎಂದಾಯಿತು.

ಕಡಿಯಾಳಿ, ಉಡುಪಿ (ಗುರುವಾರ ಸಂಜೆ)

ಎಲ್ಲರಿಗೂ ಉಪಕಾರವಾಯಿತು. ಅಂಗಡಿಗೆ ಕೊಟ್ಟದ್ದು ಇದು:

‘ಚಿತ್ರ ತಡೆತಡೆದು ಬಂದರೆ ಜಾಯ್‌ಸ್ಟಿಕ್ ಎಳೆಯಬೇಡಿ. ಮೊದಲು ಮೋಡ, ಆಮೇಲೆ ದೂರದ ಮರಗಳನ್ನು ಕಡಿಮೆ ಮಾಡಿ. ಸೆಕೆಂಡಿಗೆ 30 ಚಿತ್ರ ಒಂದೇ ಸಮನೆ ಬಂದರೆ ಸಾಕು.’

‘ಹಾರಾಟ ____ ಇರುತ್ತದೆ’ ಎಂಬ ಬಾಲವೇ ಬಿದ್ದುಹೋಯಿತು. ಹೋದದ್ದು ಗೊತ್ತೂ ಆಗಲಿಲ್ಲ.

ಮಣಿಪಾಲದವರ ಮಾತಿನಂತೆ 30ಕ್ಕೆ ಕಟ್ಟಿದೆ, ಬಜಪೆಯ ದಾರಿಯಲ್ಲಿ ಎರಡು ಸಲ ಹಾರಿಯೂ ಇಟ್ಟೆ. ಮೂರನೆಯ ಸಲ ಮಗಳು ಇಳಿಸಿದಳು. ಗುಡ್ಡ ಬರಬೇಕಾದ ಹಾಗೆ ಮೆಲ್ಲನೆ ಬಂತು. ಅವಳು ರನ್‌ವೇ ಬಿಟ್ಟು ಹುಲ್ಲಿನಲ್ಲಿ ಇಳಿಸಿದಳು, ಅದು ಕಂಪ್ಯೂಟರಿನ ತಪ್ಪಲ್ಲ.

ಕದ್ರಿ, ಮಂಗಳೂರು

‘ಸಮ’ ಸಂಸ್ಕೃತ. ‘ಎಡೆಬಿಡದೆ’ ಎಂದು ಬರೆಯಬಹುದಿತ್ತು.

ಕಡಿಯಾಳಿ, ಉಡುಪಿ

ಮಾಸ್ತರರೇ, ‘ಎಡೆಬಿಡದೆ’ ಬಹಳ ಚೆನ್ನಾಗಿದೆ. ಬುಧವಾರ ರಾತ್ರಿ ನಯದ ಬದಲು ಅದನ್ನೇ ಹೇಳಬಾರದಿತ್ತೇ? ಬ್ಯಾನರ್ ಅಚ್ಚಾಗಿ ಮನೆಗೆ ಬಂದು ಸೋಫಾದ ಮೇಲೆ ಮಲಗಿದೆ. ಶನಿವಾರ ಹತ್ತು ಗಂಟೆಗೆ ಬನ್ನಿ, ಮೊದಲ ಸರದಿ ನಿಮಗೆ.