ಸಹಾಯ ಬೇಕು: ಬ್ಯಾಕಪ್ ಶುರುವಾದ ಕೂಡಲೇ ಐಪಿ ಫೋನ್ ದನಿ ತುಂಡಾಗ್ತದೆ

ಎಲ್ಲರಿಗೂ ನಮಸ್ಕಾರ್ರೀ. ಗಂಗಾವತಿಯ ರೈಸ್‌ಮಿಲ್ ಆಫೀಸು, 12 ಐಪಿ ಫೋನು, 50 ಎಂಬಿಪಿಎಸ್ ಫೈಬರ್. ಕಾಲ್ ಎತ್ತಿದ 32ನೇ ಸೆಕೆಂಡಿಗೆ ಕಟ್ ಆಗೋದು ಸಿಪ್ ಎಎಲ್‌ಜಿ (ಕಾಲ್ ಜೋಡಿಸೋ ಸಂದೇಶಗಳನ್ನ ನಡುವೆ ತಿದ್ದೋ ಸೌಲಭ್ಯ) ಆಫ್ ಮಾಡಿದ ಮೇಲೆ ನಿಂತಿದೆ. ಯುಡಿಪಿ ಟೈಮ್‌ಔಟ್ (ಸುಮ್ಮನಿರೋ ಫೋನಿನ ಸಂಪರ್ಕವನ್ನ ಫೈರ್‌ವಾಲ್ ತೆರೆದಿಡೋ ಅವಧಿ) 30ರಿಂದ 300 ಸೆಕೆಂಡಿಗೆ ಏರಿಸಿದ ಮೇಲೆ ಒಳಬರುವ ಕಾಲೂ ತಪ್ಪುತ್ತಿಲ್ಲ.

ಉಳಿದಿದ್ದು ಇದೊಂದೇ. ಸಂಜೆ ಸಿಸಿಟಿವಿ ಬ್ಯಾಕಪ್ ಶುರುವಾದರೆ ನಮ್ಮ ದನಿ ಆ ಕಡೆ ತುಂಡುತುಂಡು, ಅವರದು ನಮಗೆ ಸ್ವಚ್ಛ. ಅಂದರೆ ಅಪ್‌ಲೋಡ್ ತುಂಬಿಹೋಗ್ತಿದೆ. ಪಿಂಗ್ (ಪ್ಯಾಕೆಟ್ ಹೋಗಿಬರೋ ಸಮಯ) 18ರಿಂದ 400 ಮಿಲಿಸೆಕೆಂಡಿಗೆ ಜಿಗೀತದೆ. ದನಿ ಪ್ಯಾಕೆಟ್‌ಗಳ ಗುರುತಾದ ಡಿಎಸ್‌ಸಿಪಿ 46ಕ್ಕೆ ಫೈರ್‌ವಾಲಿನಲ್ಲಿ ಮೊದಲ ಆದ್ಯತೆ ಕೊಟ್ಟರೂ ಫಲವಿಲ್ಲ, ಯಾಕಂದ್ರೆ ಪ್ಯಾಕೆಟ್ ಸಾಲುಗಟ್ಟಿ ನಿಲ್ಲೋದು ಫೈರ್‌ವಾಲಿನಲ್ಲಲ್ಲ, ಮೋಡೆಮ್‌ನಲ್ಲಿ. ಸಾಲು ಫೈರ್‌ವಾಲಿನಲ್ಲೇ ನಿಲ್ಲಬೇಕಂದ್ರೆ ಶೇಪರ್ (ಹೊರಹೋಗೋ ವೇಗಕ್ಕೆ ಕಡಿವಾಣ ಹಾಕೋ ಸೆಟ್ಟಿಂಗ್) ಮಿತಿ ಲೈನಿನ ವೇಗಕ್ಕಿಂತ ಕೆಳಗೇ ಇರಬೇಕು, ಸರಿ. ಆದರೆ ಅಪ್‌ಲೋಡ್ 30ರಿಂದ 48 ಎಂಬಿಪಿಎಸ್ ನಡುವೆ ಓಲಾಡ್ತದೆ. ಎಲ್ಲವನ್ನೂ 27ಕ್ಕೆ ಕಟ್ಟಿಹಾಕೋದಾ, ಇಲ್ಲಾ ಬ್ಯಾಕಪ್ ಒಂದನ್ನೇ 10ಕ್ಕೆ ಇಳಿಸೋದಾ? ಇಂಥ ಲೈನ್ ನಡೆಸ್ತಿರೋರು ನಿಮ್ಮ ಶೇಪರ್ ಅಂಕಿ ಹೇಳ್ರಿ.